ಕಿರಿಯನ ಮಾತು

ಹಿರಿಯನು ತಪ್ಪುವುದನ್ನು ಕಂಡ ಕಿರಿಯನ ಧರ್ಮವು ಹೇಳಿದಲ್ಲಿಗೆ ಮುಗಿಯಿತೇ? ೨೦೧೦ನೆಯ ಇಸವಿ ಮೇ ೨೨ರ ಮುಂಜಾನೆ ದುಬೈಯಿಂದ ಬಂದ ವಿಮಾನವು ಬಜ್ಪೆಯ ಗುಡ್ಡದ ನೆತ್ತಿಯಲ್ಲಿರುವ ಓಡುದಾರಿಯನ್ನು ಮೀರಿ ಕಣಿವೆಗೆ ಬಿದ್ದಿತು. ೧೫೮ ಮಂದಿ ಮಡಿದರು. ಮರಳಿ ಮೇಲೇರಬೇಕೆಂದು ಸಹಚಾಲಕನು ಮತ್ತೆ ಮತ್ತೆ ಸೂಚಿಸಿದ್ದನೆಂಬುದು ತನಿಖೆಯಿಂದ ಹೊರಬಿದ್ದಿತು. ೨೦೨೦ನೆಯ ಆಗಸ್ಟ್ ೭ರಂದು ಕೋಳಿಕೋಡಿನ ಮಳೆಯಲ್ಲಿಯೂ ಇಂತಹ ಸೂಚನೆಯೇ ನಿಷ್ಫಲವಾಯಿತು. ನೆನೆದ ನೆಲದಲ್ಲಿ ಗಾಲಿಗೆ ಹಿಡಿತ ಸಾಲದು, ನಿಜ; ಆದರೆ ಬಜ್ಪೆಯಲ್ಲಿ ಅಂದು ಮಳೆಯಿರಲಿಲ್ಲ. ಚುಕ್ಕಾಣಿಯನ್ನೇ ಕಸಿದುಕೊಳ್ಳಬಹುದಿತ್ತೆಂದು ನೆಲದ ಮೇಲೆ ಕುಳಿತವರು ಹೇಳುವುದು ಸುಲಭ. ಹಿರಿಯರಿಗೆ ಎದುರಾಡಬಾರದೆಂದು ಮನೆಯಲ್ಲಿಯೂ ಶಾಲೆಯಲ್ಲಿಯೂ ಕಲಿತ ಕೈಗೆ ಕೆಲವೇ ಕ್ಷಣಗಳಲ್ಲಿ ಆ ಧೈರ್ಯವು ಎಲ್ಲಿಂದ ಬರಬೇಕು? ಬಜ್ಪೆಯ ನಾಯಕನಾದರೋ ದಾರಿಯಲ್ಲಿ ಬಹಳ ಹೊತ್ತು ನಿದ್ರಿಸಿದ್ದನು. ಆದರೂ ಹತ್ತು ಸಾವಿರ ಗಂಟೆಗಳಿಗೂ ಮೀರಿ ಹಾರಿದ ಅನುಭವಿ. ಆ ಅನುಭವವೇ ಕಿವಿಗೆ ಅಡ್ಡವಾಯಿತೋ ಏನೋ!