ಜಲಪ್ರಳಯವು ಭೂಲೋಕವನ್ನೆಲ್ಲಾ ಮುಚ್ಚಿತೋ?

ನೋಹನ ಕಾಲದ ಜಲಪ್ರಳಯವು ಭೂಲೋಕವನ್ನೆಲ್ಲಾ ಮುಚ್ಚಿತೋ, ಇಲ್ಲವೆ ಒಂದು ಸೀಮೆಯನ್ನು ಮಾತ್ರ ಹಾಳುಮಾಡಿತೋ ಎಂದು ಶಾಲೆಗೆ ಹೋಗುವ ನಮ್ಮ ಮಕ್ಕಳು ಕೇಳುವದುಂಟು. ಕೇಳುವವನನ್ನು ಅವಿಶ್ವಾಸಿಯೆಂದು ಗದರಿಸುವದು ಸುಲಭ. ಆದರೆ ಅದು ನ್ಯಾಯವಲ್ಲ.

ಆದಿಕಾಂಡದಲ್ಲಿ ಭೂಮಿಗೆ ಹೇಳಿರುವ ಇಬ್ರಿಯ ಮಾತಿಗೆ ದೇಶವೆಂಬ ಅರ್ಥವೂ ಉಂಟು. ಅಬ್ರಾಮನು ಬಿಟ್ಟುಹೊರಟ ಸ್ವದೇಶಕ್ಕೂ ಅದೇ ಮಾತು. ಯೋಸೇಫನ ದಿನಗಳಲ್ಲಿ ಭೂಮಿಯವರೆಲ್ಲರೂ ಧಾನ್ಯಕ್ಕಾಗಿ ಐಗುಪ್ತಕ್ಕೆ ಬಂದರೆಂದು ಓದುವಾಗ, ಚೀನದವರೂ ಬಂದರೆಂದು ನಾವು ಎಣಿಸುವದಿಲ್ಲವಷ್ಟೆ. ಬೆಟ್ಟಗಳೆಲ್ಲಾ ಮುಚ್ಚಿಹೋದವೆಂಬದನ್ನೂ ನಾವೆಯಲ್ಲಿದ್ದವರ ಕಣ್ಣಿಗೆ ಕಂಡ ಪ್ರಕಾರ ತಿಳಿಯಬಹುದು.

ಇಂಗ್ಲೆಂಡಿನಲ್ಲಿ ಆಡಮ್ ಸೆಡ್ಜ್‌ವಿಕ್ ಎಂಬ ಬೋಧಕರು ಭೂಶಾಸ್ತ್ರದ ಪಂಡಿತರೂ ಆಗಿದ್ದರು. ಅಲ್ಲಲ್ಲಿ ಬಿದ್ದಿರುವ ಕಲ್ಲುಮಣ್ಣುಗಳು ಒಂದೇ ಪ್ರಳಯದ ಗುರುತೆಂದು ಮೊದಲು ಬೋಧಿಸಿದ ಅವರು, 1831ರಲ್ಲಿ ಪಂಡಿತರ ಸಭೆಯ ಮುಂದೆ ತಮ್ಮ ಮಾತನ್ನು ಹಿಂತೆಗೆದುಕೊಂಡರು; ಕ್ರಿಸ್ತನನ್ನು ಬಿಡಲಿಲ್ಲ. ಇನ್ನೊಂದು ಕಡೆಗೂ ಎಚ್ಚರ ಬೇಕು. 1929ರಲ್ಲಿ ಲೆನರ್ಡ್ ವೂಲಿಯವರು ಯೂಫ್ರೇಟೀಸ್ ಸೀಮೆಯ ಊರ್ ಪಟ್ಟಣದಲ್ಲಿ ಅಗೆದು, 8 ಅಡಿ ದಪ್ಪದ ಮೆಕ್ಕಲು ಮಣ್ಣನ್ನು ಕಂಡು, ಇದು ನೋಹನ ಪ್ರಳಯವೆಂದರು. ಆದರೆ ಕೀಶ್, ಶುರುಪ್ಪಕ್ ಪಟ್ಟಣಗಳ ಮೆಕ್ಕಲು ಬೇರೆ ಕಾಲದ್ದೆಂದು ತಿಳಿದುಬಂತು. ಆದಕಾರಣ ಆ ಮಣ್ಣನ್ನು ನಮ್ಮ ನಂಬಿಕೆಗೆ ಆಧಾರವಾಗಿ ತೋರಿಸಬಾರದು. ಸತ್ಯದೇವರಿಗೆ ಸಂದೇಹದ ಸಾಕ್ಷಿ ಬೇಕಿಲ್ಲ.

ಒಂದು ಆಕ್ಷೇಪವು ಮಾತ್ರ ಭಾರವಾದದ್ದು. ಅದು ಒಂದೇ ಸೀಮೆಯ ನೆರೆಯಾಗಿದ್ದರೆ, ಮುಗಿಲುಬಿಲ್ಲಿನ ವಾಗ್ದಾನವು ಏನಾಯಿತು? 1931ರಲ್ಲಿ ಚೀನದ ಯಾಂಗ್ಟ್ಸೆ ನದಿಯು ಉಕ್ಕಿದಾಗ ನೆರೆ, ರೋಗ, ಹಸಿವುಗಳಿಂದ ಲಕ್ಷಾಂತರ ಜನರು ಸತ್ತರಲ್ಲಾ? ಈ ಪ್ರಶ್ನೆಯನ್ನು ನಾವು ಹಗುರವಾಗಿ ಎಣಿಸುವದಿಲ್ಲ. ಆದರೆ ಇನ್ನು ನದಿಯೇ ಉಕ್ಕದೆಂದು ದೇವರು ನೋಹನಿಗೆ ಹೇಳಲಿಲ್ಲ. ಬಿತ್ತನೆಯೂ ಕೊಯಿಲೂ ನಿಲ್ಲವು, ಜೀವಿಗಳೆಲ್ಲಾ ನೀರಿನಿಂದ ನಿರ್ಮೂಲವಾಗವು ಎಂದೇ ಮಾತು ಕೊಟ್ಟನು. ಆ ನಾಡಿನಲ್ಲಿಯೂ ನೀರು ಇಳಿದ ಮೇಲೆ ಉಳಿದವರು ತಿರಿಗಿ ಬಿತ್ತಿದರು.

ಹೀಗಿರುವದರಿಂದ ಪ್ರಳಯವು ಎಷ್ಟು ದೂರ ಹರಡಿತೆಂಬದರಲ್ಲಿ ಸಹೋದರರು ಭಿನ್ನವಾಗಿ ತಿಳಿಯಲಿ, ಒಬ್ಬರನ್ನೊಬ್ಬರು ತಳ್ಳಿಬಿಡಬಾರದು. ಆದರೆ ಒಂದನ್ನು ನಾವೆಲ್ಲರೂ ನೆನಸಬೇಕು. ಸಿಲೋವದ ಗೋಪುರವು ಬಿದ್ದು ಸತ್ತ ಹದಿನೆಂಟು ಮಂದಿಯು ಹೆಚ್ಚು ಪಾಪಿಗಳಲ್ಲವೆಂದು ಕರ್ತನು ಕಲಿಸಿದನು. ಆದ್ದರಿಂದ ನೆರೆ ಬಂದ ಊರನ್ನು ನೋಡಿ ಅವರ ಪಾಪವನ್ನು ಎಣಿಸುತ್ತಾ ಕೂಡ್ರದೆ, ದೋಣಿಯನ್ನೂ ರೊಟ್ಟಿಯನ್ನೂ ತಕ್ಕೊಂಡು ಹೋಗೋಣ.