ಮಾತಾಡಿಸಿಕೊಂಡು ಬರುವುದು

ನಮ್ಮ ಕಡೆ ಸಾವಿನ ಮನೆಗೆ ಹೋಗುವುದಕ್ಕೆ ‘ಮಾತಾಡಿಸಿಕೊಂಡು ಬರುವುದು’ ಎನ್ನುತ್ತಾರೆ. ಹೋದವರು ಹೆಚ್ಚು ಮಾತಾಡುವುದೇ ಇಲ್ಲ. ಚಪ್ಪಲಿ ಹೊರಗೆ ಬಿಟ್ಟು, ಗೋಡೆಗೊರಗಿ ಒಂದಷ್ಟು ಹೊತ್ತು ಕೂತು, ‘ಹೋಗಿ ಬರ್ತೀನಿ’ ಅನ್ನದೆ ಎದ್ದು ಬರುತ್ತಾರೆ. ಆದರೂ ಅದಕ್ಕೆ ಮಾತಾಡಿಸುವುದೆಂದೇ ಹೆಸರು. ಚಿಕ್ಕಂದಿನಿಂದ ಕೇಳಿದ ಈ ಮಾತನ್ನು ನಾನು ಯೋಚಿಸುವಂತಾದದ್ದು ಊರಿನಲ್ಲಲ್ಲ. ಕೊಚ್ಚಿಯ ನೀರಿನ ದಂಡೆಯ ಹಳೆಯ ಗೋದಾಮೊಂದರಲ್ಲಿ, ಸೀರೆಯ ನೆರಿಗೆಯನ್ನು ಎತ್ತಿ ಹಿಡಿದು ಉಪ್ಪುನೀರಿನಲ್ಲಿ ನಿಂತಿದ್ದಾಗ.

2017ರ ಫೆಬ್ರವರಿಯ ಮಾತು. ನನ್ನ ತಂಗಿಯ ಮಗಳು ಆಗ ಬೆಂಗಳೂರಿನಲ್ಲಿ ಚಿತ್ರಕಲೆ ಓದುತ್ತಿದ್ದಳು. “ದೊಡ್ಡಮ್ಮ, ವರ್ಷಾ ವರ್ಷ ಮಕ್ಕಳನ್ನ ಜಾನಪದ ಲೋಕಕ್ಕೆ ಕರ್ಕೊಂಡು ಹೋಗ್ತೀರಲ್ಲ, ಈ ಸಲ ನಿಮ್ಮನ್ನ ನಾನು ಕರ್ಕೊಂಡು ಹೋಗ್ತೀನಿ” ಎಂದು ಹಟ ಹಿಡಿದಳು. ಅವಳು ಹೇಳಿದ್ದು ನಿಜ. ರಾಮನಗರದ ಹೆದ್ದಾರಿಯ ಪಕ್ಕದಲ್ಲಿ ಎಚ್.ಎಲ್. ನಾಗೇಗೌಡರು 1994ರಲ್ಲಿ ತೆರೆದ ಜಾನಪದ ಲೋಕ ನಮ್ಮ ಕೆಂಪಾಪುರದ ಮಕ್ಕಳಿಗೆ ಬಲು ಹತ್ತಿರದ ಪ್ರವಾಸ. ವಸ್ತುಸಂಗ್ರಹಾಲಯವೆಂದರೆ ನನ್ನ ಮಟ್ಟಿಗೆ ಅದೇ. ಬೀಸುವ ಕಲ್ಲು, ಒನಕೆ, ಒರಳು, ನೇಗಿಲು. ಒಂದು ಕಾಲಕ್ಕೆ ನಮ್ಮ ಅವ್ವಂದಿರ ಕೈಯಲ್ಲಿದ್ದು ಈಗ ಸುಮ್ಮನೆ ಕೂತಿರುವ ವಸ್ತುಗಳು. ಅವನ್ನು ಯಾರೂ ಅರ್ಥ ಮಾಡಿಸಬೇಕಿಲ್ಲ. ಆದರೆ ಇಂದಿನ ಕಲೆ, ಅದೂ ದೇಶ ವಿದೇಶದವರದು ಎಂದರೆ, ನೋಡಿ ಅರ್ಥವಾಗದಿದ್ದರೆ ಎಂಬ ಅಳುಕು. ಮೇಷ್ಟ್ರುಗಳಿಗೆ ಗೊತ್ತಿಲ್ಲ ಎನ್ನುವುದು ಕಷ್ಟ ನೋಡಿ.

ಕೊಚ್ಚಿಯ ಈ ಪ್ರದರ್ಶನ ಎರಡು ವರ್ಷಕ್ಕೊಮ್ಮೆ ನಡೆಯುವಂಥದು. ಹಾಗೆಂದೇ ಅದನ್ನು ಬಿಯೆನಾಲೆ ಎನ್ನುತ್ತಾರೆ. ಬೋಸ್ ಕೃಷ್ಣಮಾಚಾರಿ ಮತ್ತು ರಿಯಾಸ್ ಕೋಮು ಎಂಬ ಇಬ್ಬರು ಕೇರಳದ ಕಲಾವಿದರು 2012ರ ಡಿಸೆಂಬರ್ 12ರಂದು ಇದನ್ನು ಶುರು ಮಾಡಿದರು. ನಾವು ಹೋದದ್ದು ಮೂರನೆಯದಕ್ಕೆ. 2016ರ ಡಿಸೆಂಬರ್ 12ರಿಂದ 2017ರ ಮಾರ್ಚ್ 29ರವರೆಗೆ, 108 ದಿನ. ಅದನ್ನು ರೂಪಿಸಿದವರು 1961ರಲ್ಲಿ ನಮ್ಮ ಮಂಗಳೂರಿನಲ್ಲಿ ಹುಟ್ಟಿ ಮುಂಬಯಿಯಲ್ಲಿ ನೆಲೆಸಿದ ಕಲಾವಿದ ಸುದರ್ಶನ ಶೆಟ್ಟಿ. ಆ ಸಲದ ಪ್ರದರ್ಶನಕ್ಕೆ ಅವರು ‘ಕಣ್ಣಪಾಪೆಯಲ್ಲಿ ಮೂಡುವುದು’ ಎಂಬರ್ಥದ ಇಂಗ್ಲಿಷ್ ಹೆಸರಿಟ್ಟಿದ್ದರು. ಕನ್ನಡದಲ್ಲಿ ಈ ಮಾತಿಗೆ ಬೇರೆಯೇ ಚೆಲುವಿದೆ. ಪಾಪೆಯೆಂದರೆ ಗೊಂಬೆ. ಎದುರಿಗೆ ನಿಂತವರು ನಮ್ಮ ಕಣ್ಣಿನಲ್ಲಿ ಪುಟ್ಟ ಗೊಂಬೆಯಾಗಿ ಕಾಣುತ್ತಾರೆ. ಎದುರಿಗೆ ನಿಂತರೆ ಮಾತ್ರ.

ಎರ್ನಾಕುಲಂ ಜೆಟ್ಟಿಯಿಂದ ದೋಣಿ ಹತ್ತಿ ಫೋರ್ಟ್ ಕೊಚ್ಚಿಗೆ ಹೋದೆವು. ಇಳಿದು ಸ್ವಲ್ಪ ದೂರ ನಡೆದರೆ ಆಸ್ಪಿನ್‌ವಾಲ್ ಹೌಸ್. ಜಾನ್ ಆಸ್ಪಿನ್‌ವಾಲ್ ಎಂಬ ಇಂಗ್ಲಿಷ್ ವ್ಯಾಪಾರಿ 1867ರಲ್ಲಿ ಕಟ್ಟಿದ ಕಂಪನಿಯ ನೆಲೆ ಅದು. ಕಾಳುಮೆಣಸು, ಶುಂಠಿ, ಅರಿಸಿನ, ಕೊಬ್ಬರಿ ಎಣ್ಣೆ, ತೆಂಗಿನ ನಾರು, ಕಾಫಿ, ಟೀ ಎಲ್ಲ ಇಲ್ಲಿ ಮೂಟೆಯಾಗಿ ಬಿದ್ದಿದ್ದು ಹಡಗಿಗೆ ಹೋಗುತ್ತಿದ್ದವು. ನೀರಿಗೆ ಮುಖ ಮಾಡಿದ ಉದ್ದುದ್ದ ಗೋದಾಮುಗಳು, ಇಳಿಜಾರು ಹೆಂಚಿನ ಮಾಡು, ದಪ್ಪ ಗೋಡೆ, ಅಂಗಳ. ಗೋಡೆಗೆ ಹೊಸ ಬಣ್ಣ ಬಳಿದು ಹಳತನ್ನು ಮುಚ್ಚಿರಲಿಲ್ಲ. ಮೂಟೆ ಒರಗಿದ ಕಡೆ ಉಜ್ಜಿ ಕಪ್ಪಾದ ಗುರುತು ಹಾಗೇ ಇತ್ತು. ಇಲ್ಲಿ ಬೆನ್ನ ಮೇಲೆ ಮೂಟೆ ಹೊತ್ತವರು ಯಾರೋ, ಅವರ ಹೆಸರು ಕಟ್ಟಡಕ್ಕಿಲ್ಲ ಎಂದು ಒಂದು ಗಳಿಗೆ ಅನ್ನಿಸಿ, ಮರೆತೂ ಹೋಯಿತು. ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗುತ್ತಾ ಕೆಲವು ಕಡೆ ಬೆರಗಾದೆ, ಕೆಲವು ಕಡೆ ಏನೂ ತಿಳಿಯದೆ ತಲೆಯಾಡಿಸಿದೆ.

ಒಂದು ಗೋದಾಮಿನ ಮುಂದೆ ಮಾತ್ರ ಜನ ಚಪ್ಪಲಿ ಬಿಡುತ್ತಿದ್ದರು, ಗಂಡಸರು ಪ್ಯಾಂಟು ಮಡಿಸಿಕೊಳ್ಳುತ್ತಿದ್ದರು. ಒಳಗೆ ಈ ತುದಿಯಿಂದ ಆ ತುದಿಯವರೆಗೆ ಸಮುದ್ರದ ನೀರು ತುಂಬಿಸಿದ್ದಾರೆ. ನೋಡಬೇಕಾದರೆ ಇಳಿಯಲೇಬೇಕು. ಎರಡೂ ಪಕ್ಕದ ಗೋಡೆಗಳ ಮೇಲೆ ದೂರ ದೂರಕ್ಕೆ ಪ್ರಶ್ನೆಗಳು. ಕೊನೆಯ ಗೋಡೆಯಲ್ಲಿ ಒಂದು ಬರಹ. ಅಷ್ಟೇ. ಬೇರೆ ಚಿತ್ರವಿಲ್ಲ, ಮೂರ್ತಿಯಿಲ್ಲ. ಚಿಲಿ ದೇಶದ ಕವಿ ರೌಲ್ ಸುರೀಟಾ ಮಾಡಿದ ಈ ಕೃತಿಯ ಹೆಸರು ‘ನೋವಿನ ಸಮುದ್ರ’.

ಬರಹದ ಅರ್ಥವನ್ನು ಹುಡುಗಿ ನನಗೆ ಮೆಲ್ಲಗೆ ಹೇಳಿದಳು. 2015ರ ಸೆಪ್ಟೆಂಬರ್ 2ರಂದು ಸಿರಿಯಾದ ಯುದ್ಧಕ್ಕೆ ಹೆದರಿ ಹೊರಟ ಒಂದು ಕುಟುಂಬ ತುರ್ಕಿಯ ತೀರದಿಂದ ಗ್ರೀಸಿನ ದ್ವೀಪವೊಂದಕ್ಕೆ ಸಣ್ಣ ದೋಣಿಯಲ್ಲಿ ಹೋಗುವಾಗ ದೋಣಿ ಮಗುಚಿತು. ಕೆಂಪು ಅಂಗಿ ತೊಟ್ಟ ಪುಟ್ಟ ಮಗುವೊಂದು ಮರಳಿನ ಮೇಲೆ ಬೋರಲಾಗಿ ಬಿದ್ದಿದ್ದ ಫೋಟೋವನ್ನು ನೀವೆಲ್ಲ ಪತ್ರಿಕೆಗಳಲ್ಲಿ ನೋಡಿರುತ್ತೀರಿ. ಅವನು ಅಲಾನ್ ಕುರ್ದಿ. ನಿಲೂಫರ್ ದೆಮಿರ್ ಎಂಬ ತುರ್ಕಿಯ ಹೆಣ್ಣುಮಗಳು ತೆಗೆದ ಆ ಫೋಟೋ ಜಗತ್ತನ್ನೇ ಅಳಿಸಿತು. ಅದೇ ದಿನ ಅವನ ತಾಯಿಯೂ ಅಣ್ಣನೂ ಮುಳುಗಿದರು. ಅಣ್ಣನ ಹೆಸರು ಗಾಲಿಪ್. ಅವನ ಅಂಥ ಫೋಟೋ ಯಾವುದೂ ಜಗತ್ತಿನ ಮುಂದೆ ಬರಲಿಲ್ಲ. ಹಾಗಾಗಿ ಅವನಿಗಾಗಿ ಯಾರೂ ಅಳಲಿಲ್ಲ. ಸುರೀಟಾ ಈ ನೀರನ್ನು ತುಂಬಿಸಿದ್ದು ಆ ಗಾಲಿಪನಿಗಾಗಿ.

ಸುರೀಟಾ ಕೂಡ ಸುಖವಾಗಿ ಬೆಳೆದು ಪರರ ನೋವನ್ನು ಹಾಡಿದವರಲ್ಲ. 1973ರ ಸೆಪ್ಟೆಂಬರ್ 11ರಂದು ಚಿಲಿಯಲ್ಲಿ ಸೇನೆ ಅಧಿಕಾರ ಕಿತ್ತುಕೊಂಡಾಗ, ಇಪ್ಪತ್ತಮೂರರ ಹರೆಯದ ಇವರನ್ನು ಹಿಡಿದು ನೂರಾರು ಜನರ ಜೊತೆ ಹಡಗಿನ ತಳದಲ್ಲಿ ತುಂಬಿ ಹಿಂಸಿಸಿದ್ದರು. ಆ ಆಳ್ವಿಕೆಯಲ್ಲಿ ಕೊಂದವರ ಹೆಣಗಳನ್ನು ಹೆಲಿಕಾಪ್ಟರಿನಿಂದ ಸಮುದ್ರಕ್ಕೆ ಎಸೆದದ್ದುಂಟು. ಗುರುತಿಲ್ಲದೆ ಹೋದವರನ್ನು ಸಮುದ್ರ ಹೇಗೆ ಇಟ್ಟುಕೊಂಡಿರುತ್ತದೆ ಎಂಬುದು ಅವರಿಗೆ ಗೊತ್ತಿತ್ತು.

ನಾನು ನೀರಿನಲ್ಲಿ ನಡೆದೆ. ಕಾಲ ಕೆಳಗೆ ನೆಲ ಜಾರುತ್ತಿತ್ತು. ಕೊನೆಯ ಗೋಡೆಯ ಮುಂದೆ ನಿಂತಾಗ ಅಳು ಬಂತು. ಸದ್ದು ಮಾಡಿ ಬಂತು. ಪಕ್ಕದವರು ದೂರ ಸರಿದು ಜಾಗ ಬಿಟ್ಟರು. “ದೊಡ್ಡಮ್ಮ, ಸೆರಗು ನೆನೀತಾ ಇದೆ” ಎಂದು ಹುಡುಗಿ ಸೆರಗನ್ನು ಎತ್ತಿ ನನ್ನ ಹೆಗಲಿಗೆ ಹಾಕಿದಳು. ಹೊರಗೆ ಬಂದು ಕಾಲು ತೊಳೆದುಕೊಂಡೆವು. ಅರ್ಧ ಗಂಟೆಗೆಲ್ಲ ನನಗೆ ಚೆನ್ನಾಗಿ ಹಸಿವಾಯಿತು. ಕುಸುಬಲಕ್ಕಿ ಅನ್ನ, ಮೀನಿನ ಸಾರು ಎರಡು ಸಲ ಹಾಕಿಸಿಕೊಂಡೆ.

ಕೈ ತೊಳೆಯುವಾಗ ನಾಚಿಕೆಯಾಯಿತು. ಈಗಷ್ಟೇ ಅತ್ತದ್ದು ಯಾವ ಲೆಕ್ಕಕ್ಕೆ? ಟಿಕೇಟು ಕೊಂಡು ಒಳಗೆ ಹೋಗಿ, ಯಾರದೋ ಮಗುವಿನ ಸಾವಿಗೆ ಅತ್ತು, ಹೊರಗೆ ಬಂದು ಊಟ ಮಾಡುವುದು ಎಂಥ ಕರುಣೆ? ದೋಣಿಯಲ್ಲಿ ಹಿಂದಿರುಗುವಾಗ ಇದನ್ನೇ ಅವಳಿಗೆ ಕೇಳಿದೆ.

“ಅಳಿಸೋದಕ್ಕೇ ಅಂತ ಮಾಡಿಲ್ಲ ದೊಡ್ಡಮ್ಮ. ಯಾರೂ ನೆನೀದೇ ಇದ್ದೋನನ್ನ ಅವರು ನೆನೆದರು. ಅದು ಕಡಿಮೇನಾ?” ಎಂದಳು.

“ನೆನೆದರೆ ಆ ಮಗು ಬರುತ್ತಾ?” ಎಂದೆ.

“ನಿಮ್ಮೂರಲ್ಲಿ ಹರಿಶ್ಚಂದ್ರ ನಾಟಕ ನೋಡಿ ಅಳ್ತಾರಲ್ಲ, ಲೋಹಿತಾಶ್ವ ಬಂದನಾ?”

ಮಾತು ನನ್ನನ್ನು ಕಟ್ಟಿಹಾಕಿತು. ನಮ್ಮ ಸೀಮೆಯಲ್ಲಿ ಪೌರಾಣಿಕ ನಾಟಕವೆಂದರೆ ಜನ ಬೆಳಗಿನವರೆಗೆ ಕೂರುತ್ತಾರೆ. ಸ್ಮಶಾನದ ದೃಶ್ಯದಲ್ಲಿ ಚಂದ್ರಮತಿ ಮಗನ ಹೆಣವಿಟ್ಟುಕೊಂಡು ಗೋಳಾಡುವಾಗ ಅಳದ ಹೆಂಗಸಿಲ್ಲ. ಹಾಗೆ ಅತ್ತವಳೇ ಬೆಳಗಾಗೆದ್ದು ಸೊಸೆಯನ್ನು ಹಾಲು ಉಕ್ಕಿಸಿದಳೆಂದು ಬಯ್ಯುವುದನ್ನೂ ನೋಡಿದ್ದೇನೆ. ಹಾಗಾದರೆ ರಾತ್ರಿಯ ಅಳು ಸುಳ್ಳೇ? ಸುಳ್ಳೆನ್ನಲು ನನಗೆ ಮನಸ್ಸು ಬರುವುದಿಲ್ಲ. ಸಾವಿನ ಮನೆಯಲ್ಲೂ ಹೀಗೆಯೇ ಅಲ್ಲವೇ? ಹಾಡಿಕೊಂಡು ಅಳುವ ಹೆಂಗಸರನ್ನು ಗಮನಿಸಿ. ಮುಂದೆ ಮಲಗಿಸಿದ ಹೆಣಕ್ಕೆ ಅಳುತ್ತಾ ಅಳುತ್ತಾ, ತನ್ನ ತೌರಿನಲ್ಲಿ ಹತ್ತು ವರ್ಷದ ಹಿಂದೆ ಹೋದ ತಮ್ಮನನ್ನು ಕರೆಯತೊಡಗುತ್ತಾರೆ. ಒಂದು ಅಳುವಿನ ಬೆನ್ನಿಗೆ ಇನ್ನೊಂದು ಇರುತ್ತದೆ.

ನನ್ನ ಅಳುವಿನ ಬೆನ್ನಿಗೆ ಯಾರಿದ್ದರೆಂದು ದೋಣಿಯಲ್ಲೇ ನನಗೆ ತಿಳಿಯಿತು. ಅವಳಿಗೆ ಹೇಳಲಿಲ್ಲ. ಇಲ್ಲಿ ಹೇಳುತ್ತೇನೆ.

2013ರಲ್ಲಿ ನಮ್ಮ ಶಾಲೆಯ ಎಂಟನೆಯ ತರಗತಿಗೆ ಒಬ್ಬ ಹುಡುಗ ಸೇರಿದ. ತಂದೆ ತಾಯಿ ಉತ್ತರ ಕರ್ನಾಟಕದಿಂದ ಕಲ್ಲುಕ್ವಾರಿಯ ಕೆಲಸಕ್ಕೆ ಬಂದವರು, ಶೆಡ್ಡಿನಲ್ಲಿ ವಾಸ. ಹುಡುಗ ಹಿಂದಿನ ಬೆಂಚಿನವನು. ಅವನ ಕನ್ನಡ ಕೇಳಿ ಉಳಿದ ಮಕ್ಕಳು ನಗುತ್ತಿದ್ದರು; ಅವನು ಮಾತು ಕಡಿಮೆ ಮಾಡಿಕೊಂಡ. ನವೆಂಬರಿನ ಒಂದು ಭಾನುವಾರ, ಬಿಟ್ಟುಹೋದ ಕ್ವಾರಿಯ ಹೊಂಡದಲ್ಲಿ ಈಜಲು ಹೋಗಿ ಮುಳುಗಿದ. ಮಳೆಗಾಲ ಕಳೆದು ಹೊಂಡ ತುಂಬಿತ್ತು. ಅಂಥ ಹೊಂಡಗಳಿಗೆ ಕೆರೆಯ ಹಾಗೆ ಇಳಿಜಾರು ದಡವಿರುವುದಿಲ್ಲ. ಕಡಿದು ನಿಲ್ಲಿಸಿದ ಬಂಡೆ, ಕಾಲಿಟ್ಟರೆ ನೇರ ಆಳ.

ಸೋಮವಾರ ಪ್ರಾರ್ಥನೆಯಲ್ಲಿ ಎರಡು ನಿಮಿಷ ಮೌನ ಆಚರಿಸಿ ಶಾಲೆಗೆ ರಜೆ ಕೊಟ್ಟರು. “ಕ್ಲಾಸ್ ಟೀಚರ್ ಒಂದು ಸಲ ಹೋಗಿ ಬನ್ನಿ” ಎಂದು ಮುಖ್ಯೋಪಾಧ್ಯಾಯರು ಹೇಳಿದರು. ನಾನೇ ಕ್ಲಾಸ್ ಟೀಚರ್. ನಾಳೆ ಹೋದರಾಯಿತು ಎಂದುಕೊಂಡೆ. ಆ ದಿನ ನಾನು ಬಸ್ ಹತ್ತಿ ರಾಮನಗರಕ್ಕೆ ಹೋಗಿ ಮದುವೆಗೆಂದು ತಂದಿದ್ದ ಸೀರೆಯ ರವಿಕೆಯನ್ನು ಹೊಲಿಯಲು ಕೊಟ್ಟು ಬಂದೆ. ಅವನ ಸಾವಿನಿಂದ ಸಿಕ್ಕ ರಜೆಯಲ್ಲಿ. ಮರುದಿನ ಪಾಠವಿತ್ತು. ಮೂರನೆಯ ದಿನ, ಗುರುತಿಲ್ಲದ ಜನ, ಹೋಗಿ ಏನೆಂದು ಮಾತಾಡಿಸುವುದು ಎಂಬ ಸಂಕೋಚ ಬಂತು. ವಾರ ಕಳೆದ ಮೇಲೆ ಇಷ್ಟು ತಡವಾಗಿ ಹೋಗುವುದೇ ಅವಮಾನವೆನ್ನಿಸಿತು. ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮೇಲೆ ಕೆಂಪು ಗೆರೆ ಎಳೆದೆ. ತರಗತಿಯ ಗುಂಪು ಫೋಟೋ ತೆಗೆಸಿದ್ದು ಜನವರಿಯಲ್ಲಿ. ಅದರಲ್ಲಿ ಅವನಿಲ್ಲ.

ಎಷ್ಟೋ ದೂರದ ಗಾಲಿಪನಿಗೆ ಅಳಲು ನನಗೆ ಸಾಧ್ಯವಾದದ್ದು ಏಕೆಂದು ಈಗ ಬಲ್ಲೆ. ದೂರದವರ ದುಃಖ ನಮ್ಮಿಂದ ಏನನ್ನೂ ಕೇಳುವುದಿಲ್ಲ. ಸಿರಿಯಾದ ತಂದೆ ಎದ್ದು ಬಂದು ‘ನೀವ್ಯಾಕೆ ಬರಲಿಲ್ಲ ಮೇಡಂ’ ಎನ್ನುವುದಿಲ್ಲ. ಹತ್ತಿರದ ದುಃಖ ಹಾಗಲ್ಲ. ಅದು ಚಪ್ಪಲಿ ಹಾಕಿಸುತ್ತದೆ, ಕೆಲಸ ಬಿಡಿಸುತ್ತದೆ, ಏನು ಹೇಳಲಿ ಎಂದು ತಡವರಿಸುವಂತೆ ಮಾಡುತ್ತದೆ. ದೂರಕ್ಕೆ ಕಣ್ಣು ಸಾಕು, ಹತ್ತಿರಕ್ಕೆ ಕಾಲು ಬೇಕು. ನಾವು ಹೆಂಗಸರು ಕರುಣೆಯುಳ್ಳವರೆಂದು ಎಲ್ಲರೂ ಹೊಗಳುತ್ತಾರೆ. ನಮ್ಮ ಕರುಣೆಯಲ್ಲಿ ಕಣ್ಣಿನದೆಷ್ಟು, ಕಾಲಿನದೆಷ್ಟು ಎಂದು ಯಾರೂ ಲೆಕ್ಕ ಕೇಳಿಲ್ಲ.

ಹಾಗೆಂದು ಆ ಗೋದಾಮಿನ ನೀರನ್ನು ವ್ಯರ್ಥವೆನ್ನಲಾರೆ. ಯೋಚಿಸಿದಷ್ಟೂ ಸುರೀಟಾ ಮಾಡಿದ್ದು ಸರಿಯೆಂದೇ ಅನ್ನಿಸಿದೆ. ಅವರು ಇನ್ನೊಂದು ಫೋಟೋ ತೂಗುಹಾಕಲಿಲ್ಲ. ಫೋಟೋವನ್ನು ಸೋಫಾದ ಮೇಲೆ ಕೂತು ನೋಡಿ, ಅಯ್ಯೋ ಎಂದು ಪುಟ ತಿರುವಬಹುದು. ಈ ನೀರನ್ನು ಹೊರಗೆ ನಿಂತು ನೋಡಿದರೆ ಏನೂ ಕಾಣುವುದಿಲ್ಲ. ಚಪ್ಪಲಿ ಬಿಟ್ಟು, ಸೀರೆ ನೆನೆಯುತ್ತದೆಂಬ ಚಿಂತೆ ಬಿಟ್ಟು, ಅಷ್ಟು ದೂರ ನಡೆದುಹೋಗಿ ಎದುರಿಗೆ ನಿಲ್ಲಬೇಕು. ಸಾವಿನ ಮನೆಗೆ ಹೋದಂತೆಯೇ. ಕಣ್ಣಿಗೆ ಕೆಲಸ ಕೊಡುವ ಕಲೆ ಬಹಳ ಇದೆ. ಇದು ಕಾಲಿಗೆ ಕೆಲಸ ಕೊಟ್ಟಿತು, ಕಾಲು ಮರೆತದ್ದನ್ನು ನೆನಪಿಗೆ ತಂದಿತು. ಇಂಥ ಕಡೆ ಬಂದ ಕಣ್ಣೀರು ಸುಳ್ಳಲ್ಲ, ಅದೊಂದು ಸಾಲ. ತೀರಿಸದಿದ್ದರೆ ಸುಳ್ಳಾಗುತ್ತದೆ.

ಊರಿಗೆ ಬಂದ ವಾರವೇ ಶೆಡ್ಡುಗಳ ಕಡೆಗೆ ಹೋದೆ. ಆ ಕ್ವಾರಿಯ ಕೆಲಸ ನಿಂತು ಎರಡು ವರ್ಷವಾಗಿತ್ತಂತೆ. ಶೀಟುಗಳನ್ನು ಬಿಚ್ಚಿಕೊಂಡು ಹೋಗಿದ್ದರು. ಒಲೆಯ ಮೂರು ಕಲ್ಲು, ಒಂದು ಹರಿದ ಪ್ಲಾಸ್ಟಿಕ್ ಕೊಡ ಇದ್ದವು. ಅವರು ಎಲ್ಲಿಗೆ ಹೋದರೆಂದು ಕುರಿ ಮೇಯಿಸುವವನನ್ನು ಕೇಳಿದೆ. “ಕೂಲಿ ಜನ ಮೇಡಂ, ಕೆಲಸ ಇದ್ ಕಡೀಗೋಯ್ತರೆ” ಎಂದ. ಹೊಂಡದಲ್ಲಿ ನೀರು ಹಸಿರಾಗಿ ನಿಂತಿತ್ತು. ಮಾತಾಡಿಸಲು ಅಲ್ಲಿ ಯಾರೂ ಇರಲಿಲ್ಲ.

ಅಂದಿನಿಂದ ಒಂದು ರೂಢಿ ಮಾಡಿಕೊಂಡಿದ್ದೇನೆ. ನನ್ನ ತರಗತಿಯ ಮಗುವಿನ ಮನೆಯಲ್ಲಿ ಸಾವಾದರೆ ಆ ದಿನವೇ ಹೋಗುತ್ತೇನೆ. ಏನು ಹೇಳಬೇಕೆಂದು ಯೋಚಿಸಿಕೊಂಡು ಹೋಗುವುದಿಲ್ಲ. ಯೋಚಿಸಿದರೆ ದಿನ ಮುಂದೆ ಹೋಗುತ್ತದೆ. ಹೋಗಿ ಕೂರುತ್ತೇನೆ. ಯಾರಾದರೂ ಚಾಪೆ ಸರಿಸಿಕೊಡುತ್ತಾರೆ. ಕೆಲವು ಮನೆಗಳಲ್ಲಿ ನಾನು ಬಂದದ್ದನ್ನು ಯಾರೂ ಗಮನಿಸಿರುವುದಿಲ್ಲ. ಇದರಿಂದ ಹಳೆಯದು ತೀರಿತೆಂದು ನಾನು ಅಂದುಕೊಂಡಿಲ್ಲ. ಒಬ್ಬರ ಮನೆಗೆ ಹೋಗಬೇಕಾದದ್ದನ್ನು ಇನ್ನೊಬ್ಬರ ಮನೆಗೆ ಹೋಗಿ ತೀರಿಸಲಾಗುವುದಿಲ್ಲ.

ಆ ಹುಡುಗನ ಹೆಸರನ್ನು ಇಲ್ಲಿ ಬರೆದಿಲ್ಲ. ಅವನ ತಾಯಿಯನ್ನು ಕೇಳದೆ ಬರೆಯುವ ಹಕ್ಕು ನನಗಿಲ್ಲ. ಅವಳು ಯಾವ ಊರಿನಲ್ಲಿ ಕಲ್ಲು ಹೊರುತ್ತಿದ್ದಾಳೋ. ಅವಳನ್ನು ಮಾತಾಡಿಸಿಕೊಂಡು ಬರುವುದು ಇನ್ನೂ ಬಾಕಿಯಿದೆ.