ಉಳ್ಳಾಲದ ಕಡಲೂ ಯೋಬನ ಪ್ರಶ್ನೆಯೂ

ಸಮುದ್ರಕ್ಕೆ ಮೇರೆಯನ್ನಿಟ್ಟಾತನು ತಾನೇ ಎಂದು ದೇವರು ಯೋಬನಿಗೆ ತಿಳಿಸಿದನು. ಆದರೆ ಉಳ್ಳಾಲದಲ್ಲಿಯೂ ಸೋಮೇಶ್ವರದ ಉಚ್ಚಿಲದಲ್ಲಿಯೂ ಮಳೆಗಾಲದ ಕಡಲು ದಡವನ್ನು ಕೊರೆದು ತೆಂಗುಗಳನ್ನೂ ಮನೆಗಳನ್ನೂ ಕೊಂಡುಹೋಗುವದನ್ನು ನಾವು ಕಂಡಿದ್ದೇವೆ. ತೆರೆಗಳ ರಭಸವೂ ಅಳಿವೆಯ ಮರಳು ಸರಿಯುವದೂ ಇದಕ್ಕೆ ಕಾರಣವೆಂದು ಬಲ್ಲವರು ಹೇಳುತ್ತಾರೆ, ಅದು ಸರಿಯೇ. ಆದರೂ ಬಡ ವಿಧವೆಯ ಮನೆ ಬಿದ್ದು ನೆರೆಮನೆ ಉಳಿದದ್ದೇಕೆಂದರೆ ನಮ್ಮಲ್ಲಿ ಉತ್ತರವಿಲ್ಲ. ಅದು ಆಕೆಯ ಪಾಪದ ಫಲವೆಂದು ಪಿಸುಗುಟ್ಟುವವರು (ಸಭೆಯಲ್ಲಿಯೂ ಅಂಥವರುಂಟು) ಸಿಲೊವಾಮಿನ ಬುರುಜು ಬಿದ್ದು ಸತ್ತ 18 ಮಂದಿಯ ವಿಷಯದಲ್ಲಿ ಕರ್ತನು ಅಂದದ್ದನ್ನು ಓದಲಿ. ಯೋಬನಿಗೂ ಕಾರಣವು ತಿಳಿಸಲ್ಪಡಲಿಲ್ಲ. ಆದರೆ ದೇವರ ಕೋಪವು ಉರಿದದ್ದು ಕೇಳಿದವನ ಮೇಲಲ್ಲ, ದೇವರ ಪರವಾಗಿ ಕಾರಣಗಳನ್ನು ಕಟ್ಟಿ ಹೇಳಿದ ಸ್ನೇಹಿತರ ಮೇಲೆಯೇ. ಆದದರಿಂದ ಆ ವಿಧವೆಯು ಪ್ರಾರ್ಥನೆಯಲ್ಲಿ ಅಳುತ್ತಾ ಯಾಕೆಂದು ಕೇಳುವಾಗ ಅದನ್ನು ಅವಿಶ್ವಾಸವೆನ್ನಬೇಡಿರಿ. ನಂಬದವಳಾಗಿದ್ದರೆ ಆಕೆ ಯಾರನ್ನು ಕೇಳುತ್ತಿದ್ದಳು?